ಗಿಟಾರ್‌ಗೆ ಮಣೆ ಹಾಕಿದವರು

1/10 | ಯಾರೂ ಕೇಳದ ಪ್ರಶ್ನೆ

ಗಿಟಾರ್ ಕಲಿಯೋಕೆ ಹೊರಟವರು ಕೇಳೋ ಪ್ರಶ್ನೆಗಳು ಹೆಚ್ಚು ಕಮ್ಮಿ ಒಂದೇ. ಯಾವ ಕಂಪನಿದು ತಗೊಳ್ಳೋದು? ನೈಲಾನ್ ತಂತಿನಾ, ಸ್ಟೀಲ್ ತಂತಿನಾ? ಬೆರಳ ತುದಿ ಉರಿಯೋದು ಎಷ್ಟು ದಿನಕ್ಕೆ ನಿಲ್ಲುತ್ತೆ? ಆದರೆ 'ಯಾವುದರ ಮೇಲೆ ಕೂತು ನುಡಿಸಲಿ?' ಅಂತ ಕೇಳೋರು ಕಾಣಲ್ಲ.

ನಮ್ಮ ಮಲ್ಲತ್ತಹಳ್ಳಿಯನ್ನೇ ತಗೊಳ್ಳಿ. ಪಿಜಿ ರೂಮಲ್ಲಿ ಮಂಚದ ಅಂಚು. ಬಾಡಿಗೆ ಮನೆಯಲ್ಲಿ ಟೆರೇಸ್ ಮೆಟ್ಟಿಲು. ಸಂಜೆ ಕೆರೆ ಕಡೆ ಹೋದರೆ ಸಿಕ್ಕಿದ ಕಟ್ಟೆ. ಕ್ಲಾಸಿಗೆ ಹೋದರೆ ಎರಡೂ ಕಡೆ ಕೈ ಇರೋ ಪ್ಲಾಸ್ಟಿಕ್ ಕುರ್ಚಿ. ಸಿಕ್ಕಿದ್ದರ ಮೇಲೆ ಕೂತು, ಗಿಟಾರ್ ತೊಡೆ ಮೇಲಿಟ್ಟು, ಬಗ್ಗಿ ಫ್ರೆಟ್ ನೋಡ್ಕೊಂಡು ಸಿ ಕಾರ್ಡ್ ಒತ್ತೋದು.

ಎರಡು ತಿಂಗಳು ಕಳೆಯೋ ಹೊತ್ತಿಗೆ ಕತ್ತು ಹಿಡ್ಕೊಳ್ಳುತ್ತೆ, ಸೊಂಟ ನೋಯುತ್ತೆ, ಎಡಗೈ ಮಣಿಕಟ್ಟು ಬಿಗಿಯುತ್ತೆ. 'ನನಗಿದು ಆಗಿಬರಲ್ಲ' ಅನ್ನೋ ತೀರ್ಮಾನ ಬಂದು ಗಿಟಾರ್ ಬೀರು ಮೇಲೆ ಸೇರುತ್ತೆ. ಆ ತೀರ್ಮಾನದಲ್ಲಿ ಕುರ್ಚಿ ಪಾಲು ಎಷ್ಟು ಅಂತ ಯಾರೂ ಲೆಕ್ಕ ಹಾಕಲ್ಲ.

ಮನೆಯ ತೆಂಗಿನಕಾಯಿ ತುರಿಯೋ ಮಣೆ ನೆನಪಿಸ್ಕೊಳ್ಳಿ. ಕೂರೋ ಹಲಗೆ, ತುರಿಯೋ ಹಲ್ಲು, ಎರಡೂ ಸೇರಿ ಒಂದೇ ಸಾಮಾನು. ಕೂತವರ ಭಾರವೇ ಅದನ್ನ ಅಲುಗಾಡದ ಹಾಗೆ ಹಿಡಿಯುತ್ತೆ, ಎರಡು ಕೈಯೂ ಕೆಲಸಕ್ಕೆ ಬಿಡುವಾಗುತ್ತೆ. ಕೂರೋ ಜಾಗವೂ ಉಪಕರಣದ ಭಾಗ ಅಂತ ನಮ್ಮ ಅಡುಗೆಮನೆಗೆ ಯಾವತ್ತೋ ಗೊತ್ತಿತ್ತು.

ಈ ಸರಣಿಯಲ್ಲಿ ನಾನು ಹೇಳೋಕೆ ಹೊರಟಿರೋದು ಇಷ್ಟೇ. ಹೊಸ ವಾದ್ಯ ಒಂದು ಊರಿಗೆ ಬಂದಾಗೆಲ್ಲ ಅಲ್ಲಿನವರು ಮೊದಲು ಬಿಡಿಸಿದ ಒಗಟು 'ಹೇಗೆ ಕೂರೋದು' ಅನ್ನೋದು. ಚೆನ್ನಾಗಿ ಬಿಡಿಸಿದವರ ಕೈಯಲ್ಲಿ ವಾದ್ಯ ಉಳೀತು. ಒಂಬತ್ತು ಭಾಗ ಬಾಕಿ ಇದೆ, ನಿಧಾನಕ್ಕೆ ಓದಿ. ಕೊನೆಯ ಎರಡು ಭಾಗದಲ್ಲಿ ಅಳತೆ ಟೇಪು ಬೇಕಾಗುತ್ತೆ.

2/10 | ಮಣೆ, ಕುರ್ಚಿ, ಗೋಣಿತಟ್ಟು

ಕನ್ನಡದಲ್ಲಿ ಯಾರನ್ನಾದರೂ ಮರ್ಯಾದೆಯಿಂದ ಒಳಗೆ ಸೇರಿಸ್ಕೊಂಡರೆ 'ಮಣೆ ಹಾಕಿದರು' ಅಂತೀವಿ. ಅಧಿಕಾರ ಬಿಡದವರನ್ನ 'ಕುರ್ಚಿಗೆ ಅಂಟ್ಕೊಂಡಿದ್ದಾರೆ' ಅಂತೀವಿ. ಮೊದಲನೆಯದು ನೆಲದ ಮೇಲಿನ ಆಸನ, ಎರಡನೆಯದು ಕಾಲಿರೋ ಆಸನ. ಕುರ್ಚಿ ಅನ್ನೋ ಪದದ ಮೂಲ ಅರಬ್ಬಿಯ 'ಕುರ್ಸಿ'. ಪದ ಹೊರಗಿನಿಂದ ಬಂತು, ಬಂದ ಮೇಲೆ ಅಧಿಕಾರಕ್ಕೇ ಇನ್ನೊಂದು ಹೆಸರಾಯ್ತು.

ಯಾರು ಎಲ್ಲಿ ಕೂರಬಹುದು ಅನ್ನೋದು ನಮ್ಮ ದೇಶದಲ್ಲಿ ಯಾವತ್ತೂ ಸಣ್ಣ ವಿಷಯ ಆಗಿರಲಿಲ್ಲ. ನಾವು ದಿನಾ ಔಟರ್ ರಿಂಗ್ ರೋಡಲ್ಲಿ ಡಾ. ಅಂಬೇಡ್ಕರ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಬೋರ್ಡ್ ನೋಡ್ತೀವಿ. ಆ ಹೆಸರಿನ ಮನುಷ್ಯ ಹುಡುಗನಾಗಿದ್ದಾಗ ಶಾಲೆಯಲ್ಲಿ ಉಳಿದವರ ಜೊತೆ ಕೂರೋ ಹಾಗಿರಲಿಲ್ಲ. ಒಂದು ಮೂಲೆಯಲ್ಲಿ ಬೇರೆಯಾಗಿ ಗೋಣಿತಟ್ಟು ಹಾಸಿ ಕೂರಬೇಕಿತ್ತು. ಆ ಗೋಣಿಯನ್ನ ಶಾಲೆ ಗುಡಿಸೋ ಕೆಲಸದವನೂ ಮುಟ್ಟುತ್ತಿರಲಿಲ್ಲ. ಹಾಗಾಗಿ ಸಂಜೆ ಅದನ್ನ ಮನೆಗೆ ಒಯ್ದು ಮಾರನೆಯ ದಿನ ಮತ್ತೆ ತರಬೇಕಿತ್ತು. ಇದನ್ನ ಅಂಬೇಡ್ಕರ್ ಅವರೇ 'ವೇಟಿಂಗ್ ಫಾರ್ ಎ ವೀಸಾ' ಅನ್ನೋ ತಮ್ಮ ನೆನಪಿನ ಬರಹದಲ್ಲಿ ದಾಖಲಿಸಿದ್ದಾರೆ.

ಇದು ಮುಗಿದ ಕಥೆನೂ ಅಲ್ಲ. ದಿನವಿಡೀ ನಿಂತೇ ಇರೋ ಅಂಗಡಿ ಕೆಲಸಗಾರರಿಗೆ ಕೂರೋಕೆ ಆಸನ ಕೊಡಬೇಕು ಅಂತ ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನು ತಿದ್ದಬೇಕಾಯ್ತು.

ಗಿಟಾರ್ ಕುರ್ಚಿಯನ್ನ ನಾನು ಆ ಗೋಣಿತಟ್ಟಿಗೆ ಹೋಲಿಸ್ತಿಲ್ಲ. ಹೋಲಿಕೆ ಮಾಡೋದು ತಪ್ಪು. ಹೇಳ್ತಿರೋದು ಬೇರೆ: ಕೂರೋ ಜಾಗ ಕೊಡೋದು ಅಂದ್ರೆ ಒಂದು ಮೈಗೆ ಬೆಲೆ ಕೊಡೋದು. 'ಕಲಿಯೋರಿಗೆ ಯಾಕೆ ಇಷ್ಟೆಲ್ಲ, ಸಿಕ್ಕಿದ್ದರ ಮೇಲೆ ಕೂತ್ಕೊ' ಅನ್ನೋ ಮಾತಲ್ಲಿ ಆ ಬೆಲೆ ಕಾಣಲ್ಲ.

3/10 | ಪಿಟೀಲು ನೆಲಕ್ಕಿಳಿದದ್ದು

ಗಿಟಾರ್‌ಗಿಂತ ಮೊದಲು ಇದೇ ಸಮಸ್ಯೆ ಎದುರಿಸಿದ್ದು ಪಿಟೀಲು.

ಯುರೋಪಿನಲ್ಲಿ ಪಿಟೀಲನ್ನ ನಿಂತು ಅಥವಾ ಕುರ್ಚಿ ಮೇಲೆ ಕೂತು, ಗದ್ದದ ಕೆಳಗೆ ಒತ್ತಿ ಹಿಡಿದು ನುಡಿಸ್ತಾರೆ. ಅದು ಮದ್ರಾಸಿನ ಕಡೆಯಿಂದ ನಮ್ಮ ಸಂಗೀತಕ್ಕೆ ಬಂತು. ಕರ್ನಾಟಕ ಸಂಗೀತಕ್ಕೆ ಅದನ್ನ ಒಗ್ಗಿಸಿದ ಮೊದಲಿಗರಲ್ಲಿ ಬಾಲಸ್ವಾಮಿ ದೀಕ್ಷಿತರ ಹೆಸರು ಹೇಳ್ತಾರೆ. ಅವರು ಮುತ್ತುಸ್ವಾಮಿ ದೀಕ್ಷಿತರ ತಮ್ಮ, ಕಾಲ 1786ರಿಂದ 1859.

ನಮ್ಮವರು ವಾದ್ಯ ತಗೊಂಡರು, ಆದರೆ ಕೂರೋ ರೀತಿಯನ್ನ ಜೊತೆಗೆ ತಗೊಳ್ಳಲಿಲ್ಲ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ಬಲಗಾಲು ಸ್ವಲ್ಪ ಮುಂದೆ ಚಾಚಿ, ಪಿಟೀಲಿನ ಸುರುಳಿ ತುದಿಯನ್ನ ಆ ಪಾದದ ಮೇಲೆ ಊರಿದರು. ಇನ್ನೊಂದು ತುದಿ ಎದೆ ಮತ್ತು ಭುಜಕ್ಕೆ ಒರಗಿತು. ಈಗ ವಾದ್ಯದ ಭಾರ ಹೊರೋದು ಕಾಲು ಮತ್ತು ಎದೆ, ಎಡಗೈ ಅಲ್ಲ. ಕೈ ತಂತಿ ಮೇಲೆ ಮೇಲಕ್ಕೂ ಕೆಳಕ್ಕೂ ಆರಾಮವಾಗಿ ಜಾರಬಹುದು. ಸ್ವರದಿಂದ ಸ್ವರಕ್ಕೆ ಜಾರೋದು, ತೂಗೋದು, ಅಂದ್ರೆ ಗಮಕ, ನಮ್ಮ ಸಂಗೀತದ ಜೀವ ತಾನೇ? ಕೂರೋ ಭಂಗಿ ಬದಲಾಗಿದ್ದರಿಂದ ಗಮಕಕ್ಕೆ ದಾರಿ ಸಲೀಸಾಯ್ತು.

ಈ ಪರಂಪರೆಯ ನಮ್ಮ ದೊಡ್ಡ ಹೆಸರು ಪಿಟೀಲು ಚೌಡಯ್ಯ (1895–1967). ತಿರುಮಕೂಡಲಿನವರು, ಏಳು ತಂತಿಯ ಪಿಟೀಲು ನುಡಿಸಿದವರು. ಅವರ ನೆನಪಿಗೆ ಕಟ್ಟಿದ, ಪಿಟೀಲಿನ ಆಕಾರದ ಚೌಡಯ್ಯ ಸ್ಮಾರಕ ಭವನ 1980ರಿಂದ ಮಲ್ಲೇಶ್ವರದ ಪಕ್ಕದಲ್ಲೇ ಇದೆ. ಅಲ್ಲಿ ಶಾಸ್ತ್ರೀಯ ಕಛೇರಿಗೆ ಹೋದಾಗ ಒಂದು ಗಮನಿಸಿ: ಕೇಳೋ ನಾವೆಲ್ಲ ಮೆತ್ತನೆ ಕುರ್ಚಿ ಮೇಲೆ, ನುಡಿಸೋರು ವೇದಿಕೆಯ ಹಾಸಿನ ಮೇಲೆ. ಅದು ಬರೀ ಸಂಪ್ರದಾಯಕ್ಕೆ ಮಾಡಿದ್ದಲ್ಲ, ಆ ಕೈಚಳಕಕ್ಕೆ ಆ ಕೂರೋ ರೀತಿ ಬೇಕು.

4/10 | ಸ್ಯಾಕ್ಸೊಫೋನಿಗೂ ಚಕ್ಕಳಮಕ್ಕಳ

ಪಿಟೀಲು ಚಿಕ್ಕದು, ಹಗುರ. ಇನ್ನೂ ಕಷ್ಟದ ವಾದ್ಯ ಬಂದರೆ?

ಬಂಟ್ವಾಳ ತಾಲ್ಲೂಕಿನ ಸಜೀಪಮೂಡದಲ್ಲಿ 1949ರಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರ ಮನೆಯಲ್ಲಿ ಇದ್ದದ್ದು ನಾಗಸ್ವರ. ಅವರ ತಂದೆ ನಾಗಸ್ವರ ವಿದ್ವಾಂಸರು. ಆದರೆ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿದ ಮೇಲೆ ಅವರ ಮನಸ್ಸು ಆ ಹಿತ್ತಾಳೆ ವಾದ್ಯದ ಕಡೆ ತಿರುಗಿತು. ಅದನ್ನ ಕರ್ನಾಟಕ ಸಂಗೀತಕ್ಕೆ ಪಳಗಿಸೋಕೆ ವರ್ಷಗಟ್ಟಲೆ ಸಾಧನೆ ಮಾಡಿದರು.

ಬ್ಯಾಂಡಿನವರು ಸ್ಯಾಕ್ಸೊಫೋನನ್ನ ಕತ್ತಿಗೆ ಪಟ್ಟಿ ಹಾಕ್ಕೊಂಡು ನಿಂತು ಊದ್ತಾರೆ. ಕುರ್ಚಿ ಮೇಲೆ ಕೂತು ಊದೋದೂ ಉಂಟು. ಗೋಪಾಲನಾಥರು ಕಛೇರಿಯಲ್ಲಿ ಕೂತದ್ದು ನೆಲದ ಮೇಲೆ, ಪಕ್ಕದಲ್ಲಿ ಪಿಟೀಲು, ಮೃದಂಗದವರು ಕೂತ ಹಾಗೇ. ಒಬ್ಬರು ಮೇಲೆ, ಇನ್ನೊಬ್ಬರು ಕೆಳಗೆ ಕೂತರೆ ಕಣ್ಣು ಕಣ್ಣು ಸೇರಲ್ಲ, ಆವರ್ತನೆ ಮುಗಿಯೋ ಹೊತ್ತಿನ ಆ ಸಣ್ಣ ಸನ್ನೆ ಕಾಣಲ್ಲ. ಹಾಗಾಗಿ ಹೊಸ ವಾದ್ಯ ಬಂದು ಹಳೆ ಹಾಸಿನ ಮೇಲೆ ಎಲ್ಲರ ಸಮಕ್ಕೆ ಕೂತಿತು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಿಬಿಸಿ ಪ್ರೊಮೆನೇಡ್ ಕಛೇರಿಗೆ ಅವರನ್ನ ಕರೆದರು. 2004ರಲ್ಲಿ ಪದ್ಮಶ್ರೀ ಬಂತು. 2019ರಲ್ಲಿ ತೀರಿಕೊಂಡರು.

ಇಲ್ಲಿ ಒಂದು ಎಚ್ಚರಿಕೆ. 'ನಮ್ಮದು ನೆಲದ ಸಂಸ್ಕೃತಿ, ಹಾಗಾಗಿ ಗಿಟಾರನ್ನೂ ನೆಲದಲ್ಲೇ ಕೂತು ನುಡಿಸಬೇಕು' ಅಂತ ಇದರಿಂದ ಅರ್ಥ ತೆಗೀಬೇಡಿ. ಅವರಿಗೆ ಚಿಕ್ಕಂದಿನಿಂದ ನೆಲದ ಮೇಲೆ ಗಂಟೆಗಟ್ಟಲೆ ಕೂತು ರೂಢಿ. ನಮ್ಮಲ್ಲಿ ಎಷ್ಟೋ ಜನ ಎಲ್‌ಕೆಜಿಯಿಂದ ಬೆಂಚಿನ ಮೇಲೆ ಬೆಳೆದವರು. ಹತ್ತು ನಿಮಿಷ ನೆಲದಲ್ಲಿ ಕೂತರೆ ಕಾಲು ಜೋಮು ಹಿಡಿಯುತ್ತೆ. ಅವರು ತಮ್ಮ ಮೈಗೆ ಒಗ್ಗಿದ್ದನ್ನ ಆರಿಸ್ಕೊಂಡರು. ನಾವು ಕಲಿಯಬೇಕಾದ್ದು ಆ ಆಯ್ಕೆಯನ್ನ, ಭಂಗಿಯ ನಕಲನ್ನಲ್ಲ.

5/10 | ಮಲಗಿದ ಗಿಟಾರ್

ಈಗ ಗಿಟಾರ್‌ಗೇ ಬರೋಣ. ಭಾರತದಲ್ಲಿ ರಾಗ ನುಡಿಸಿದ ಗಿಟಾರ್‌ಗಳಲ್ಲಿ ಹೆಚ್ಚಿನವು ನಾವು ಹಿಡಿಯೋ ಹಾಗೆ ನಿಂತವಲ್ಲ, ತೊಡೆ ಮೇಲೆ ಮಲಗಿದವು.

19ನೇ ಶತಮಾನದ ಕೊನೆಗೆ ಹವಾಯಿ ದ್ವೀಪದಲ್ಲಿ ಗಿಟಾರನ್ನ ತೊಡೆ ಮೇಲೆ ಅಡ್ಡ ಮಲಗಿಸಿ, ತಂತಿ ಮೇಲೆ ಉಕ್ಕಿನ ತುಂಡು ಜಾರಿಸಿ ನುಡಿಸೋ ರೀತಿ ಹುಟ್ಟಿತು. ಇದರ ಶ್ರೇಯಸ್ಸು ಸಾಮಾನ್ಯವಾಗಿ ಜೋಸೆಫ್ ಕೆಕುಕು ಅನ್ನೋರಿಗೆ ಸಲ್ಲುತ್ತೆ. 1940ರ ದಶಕದಲ್ಲಿ ಟಾವ್ ಮೋ ಅನ್ನೋ ಕಲಾವಿದರು ಕಲ್ಕತ್ತದಲ್ಲಿ ನೆಲೆಸಿ ಈ ವಿದ್ಯೆ ಹರಡಿದರು.

ಆಮೇಲೆ ಬ್ರಿಜ್ ಭೂಷಣ್ ಕಾಬ್ರಾ ನೆಲದ ಮೇಲೆ ಕೂತು ಮಲಗಿಸಿದ ಗಿಟಾರಿನಲ್ಲಿ ಹಿಂದೂಸ್ತಾನಿ ರಾಗ ನುಡಿಸಿದರು. ಶಿವಕುಮಾರ್ ಶರ್ಮಾ, ಹರಿಪ್ರಸಾದ್ ಚೌರಾಸಿಯಾ ಜೊತೆ ಅವರು ಮಾಡಿದ 'ಕಾಲ್ ಆಫ್ ದಿ ವ್ಯಾಲಿ' ಬಂದದ್ದು 1967ರಲ್ಲಿ. ವಿಶ್ವಮೋಹನ ಭಟ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಗಿಟಾರ್‌ಗೆ ಚಿಕಾರಿ ಮತ್ತು ಅನುರಣನದ ತಂತಿಗಳನ್ನ ಸೇರಿಸಿ ಮೋಹನವೀಣೆ ಮಾಡಿದರು. ರೈ ಕೂಡರ್ ಜೊತೆಗಿನ ಆಲ್ಬಮ್‌ಗೆ 1994ರಲ್ಲಿ ಗ್ರ್ಯಾಮಿ ಬಂತು. ನಮ್ಮ ಬೆಂಗಳೂರಿನಲ್ಲೇ ಪ್ರಕಾಶ್ ಸೊಂಟಕ್ಕೆ ಈ ಸ್ಲೈಡ್ ಗಿಟಾರ್ ದಾರಿಯಲ್ಲಿ ನಡೆದವರು.

ಮಲಗಿಸಿದರೆ ಏನಾಗುತ್ತೆ ನೋಡಿ: ವಾದ್ಯವನ್ನ ಹಿಡಿಯೋ ಕೆಲಸವೇ ಇಲ್ಲ. ತೊಡೆಯೇ ಮೇಜು. ಪಿಟೀಲಿನವರು ಪಾದದಿಂದ ಪಡೆದದ್ದನ್ನ ಇವರು ತೊಡೆಯಿಂದ ಪಡೆದರು. ಎರಡು ಕಡೆಯೂ ಗುಟ್ಟು ಒಂದೇ, ಎಡಗೈಗೆ ಭಾರ ಹೊರಿಸಬಾರದು.

ಆದರೆ ನಿಮಗೆ ಕಾರ್ಡ್ ಒತ್ತಬೇಕು, ಹಾಡಿಗೆ ಸ್ಟ್ರಮ್ ಮಾಡಬೇಕು ಅಂದ್ರೆ ಗಿಟಾರ್ ನಿಂತೇ ಇರಬೇಕು. ನಿಲ್ಲಿಸಿ ಹಿಡಿಯೋ ಒಗಟನ್ನ ಬಿಡಿಸಿದವರು ಯಾರು? ಅದಕ್ಕೆ ಸ್ಪೇನಿನವರ ಹತ್ತಿರ ಹೋಗಬೇಕು.

6/10 | 1852ರಲ್ಲಿ ಹುಟ್ಟಿದ ಇಬ್ಬರು

ಗಿಟಾರ್ ಡಬ್ಬಿಗೆ ಸೊಂಟ ಇದೆ, ಮೈ ನುಣುಪು, ತೊಡೆ ಮೇಲಿಟ್ಟರೆ ಜಾರುತ್ತೆ. ಜಾರದ ಹಾಗೆ ಎಡಗೈಯಿಂದ ಕತ್ತು ಹಿಡಿದರೆ ಬೆರಳು ಓಡಲ್ಲ. 1800ರ ಆಸುಪಾಸಿನಲ್ಲಿ ದೊಡ್ಡ ದೊಡ್ಡ ವಾದಕರೇ ಇದರ ಜೊತೆ ಗುದ್ದಾಡ್ತಿದ್ದರು.

ಫರ್ನಾಂಡೊ ಸೊರ್ (1778–1839) 1830ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರಕಟಿಸಿದ ಪಾಠಪುಸ್ತಕದಲ್ಲಿ ಕೊಟ್ಟ ಉಪಾಯ: ಪಕ್ಕದಲ್ಲಿ ಮೇಜು ಇಟ್ಕೊಂಡು ಗಿಟಾರನ್ನ ಅದರ ಅಂಚಿಗೆ ಊರೋದು. ಅವರ ಗೆಳೆಯ ದಿಯೋನಿಸಿಯೊ ಅಗ್ವಾದೊ (1784–1849) ಗಿಟಾರ್‌ಗೇ ಮೂರು ಕಾಲಿನ ಒಂದು ಸ್ಟ್ಯಾಂಡ್ ಮಾಡಿಸಿದರು. ವಾದ್ಯ ಸ್ಟ್ಯಾಂಡಿನ ಮೇಲೆ, ವಾದಕ ಪಕ್ಕದಲ್ಲಿ ನೆಟ್ಟಗೆ. ಮೈ ತಾಗದೇ ಇದ್ದರೆ ನಾದ ಕುಗ್ಗಲ್ಲ ಅನ್ನೋದೂ ಅವರ ವಾದ. ಇಬ್ಬರೂ ಪ್ಯಾರಿಸ್ಸಿನಲ್ಲಿ ಜೊತೆಯಾಗಿ ನುಡಿಸಿದವರು. ಒಬ್ಬರು ಬೆರಳಿನ ಮಾಂಸದಿಂದ ಮೀಟೋರು, ಇನ್ನೊಬ್ಬರು ಉಗುರಿಂದ.

ಕೊನೆಗೆ ಗೆದ್ದ ಉತ್ತರ ಬಂದದ್ದು ಫ್ರಾನ್ಸಿಸ್ಕೊ ತಾರೆಗಾ (1852–1909) ಕಾಲದಲ್ಲಿ. ಅಷ್ಟರಲ್ಲಿ ಅಂತೋನಿಯೊ ದೆ ತೊರೆಸ್ ಅನ್ನೋ ಕುಶಲಕರ್ಮಿ ಗಿಟಾರಿನ ಡಬ್ಬಿಯನ್ನ ಅಗಲ ಮಾಡಿದ್ದರು. ತಾರೆಗಾ ಎಡಪಾದವನ್ನ ಒಂದು ಪುಟ್ಟ ಕಾಲುಮಣೆ ಮೇಲಿಟ್ಟು, ಎದ್ದ ಎಡತೊಡೆಗೆ ಗಿಟಾರಿನ ಸೊಂಟ ಕೂರಿಸಿದರು. ಎಡತೊಡೆ, ಬಲತೊಡೆ, ಎದೆ, ಬಲ ಮುಂಗೈ, ಹೀಗೆ ನಾಲ್ಕು ಕಡೆ ಆಸರೆ. ಎಡಗೈ ಪೂರ್ತಿ ಬಿಡುವು. ಮುಂದೆ ಸೆಗೋವಿಯಾ (1893–1987) ಇದೇ ಭಂಗಿಯನ್ನ ಲೋಕದ ವೇದಿಕೆಗಳಿಗೆ ಒಯ್ದರು.

ಅದೇ 1852ರಲ್ಲಿ ನಮ್ಮ ಮೈಸೂರಿನಲ್ಲಿ ಹುಟ್ಟಿದವರು ವೀಣೆ ಶೇಷಣ್ಣ (1852–1926). ಅವರ ವೀಣೆಗೂ ಅಂಥದ್ದೇ ಆಸರೆ: ಒಂದು ಕಡೆ ನೆಲ, ಇನ್ನೊಂದು ಕಡೆ ಬುರುಡೆಯ ಕೆಳಗೆ ಎಡತೊಡೆ. ಒಬ್ಬರು ಕುರ್ಚಿ ಮೇಲೆ, ಒಬ್ಬರು ಚಾಪೆ ಮೇಲೆ. ಇಬ್ಬರ ಎಡಗೈಗೂ ಸಿಕ್ಕಿದ್ದು ಒಂದೇ ಸ್ವಾತಂತ್ರ್ಯ.

7/10 | ಕುರ್ಚಿ ಹೊತ್ತು ತಿರುಗಿದವರು

'ಸ್ಟೇಜ್ ಮೇಲೆ ಎಲ್ಲರೂ ನಿಂತೇ ನುಡಿಸ್ತಾರಲ್ಲ ಗುರು?' ಅಂತ ಕೇಳಬಹುದು. ರಾಕ್‌ನಲ್ಲಿ ರೂಢಿ ಅದೇ. ಆದರೆ ಕಿಂಗ್ ಕ್ರಿಮ್ಸನ್ ಬ್ಯಾಂಡಿನ ರಾಬರ್ಟ್ ಫ್ರಿಪ್ 1969ರಿಂದಲೂ ವೇದಿಕೆ ಮೇಲೆ ಸ್ಟೂಲಿನ ಮೇಲೆ ಕೂತೇ ನುಡಿಸಿದವರು. ಎಲ್ಲರೂ ಕುಣಿಯೋ ಕಾಲದಲ್ಲಿ ಕೂತರು, ಯಾಕಂದ್ರೆ ಅವರ ನುಡಿಸಾಣಿಕೆಗೆ ಅದೇ ಸರಿ. 1985ರಲ್ಲಿ ಅವರು ಶುರು ಮಾಡಿದ 'ಗಿಟಾರ್ ಕ್ರಾಫ್ಟ್' ಶಿಬಿರಗಳಲ್ಲಿ ಅಲೆಕ್ಸಾಂಡರ್ ಟೆಕ್ನಿಕ್ ಕೂಡ ಪಾಠದ ಭಾಗ ಆಯ್ತು.

ಈ ಅಲೆಕ್ಸಾಂಡರ್ (1869–1955) ಯಾರು ಗೊತ್ತಾ? ಆಸ್ಟ್ರೇಲಿಯಾದ ಒಬ್ಬ ನಟ. ವೇದಿಕೆ ಮೇಲೆ ಪದೇ ಪದೇ ಗಂಟಲು ಕಟ್ಟುತ್ತಿತ್ತು. ಕನ್ನಡಿ ಮುಂದೆ ನಿಂತು ತನ್ನನ್ನೇ ಗಮನಿಸಿದಾಗ, ಮಾತು ಶುರು ಮಾಡೋ ಮುಂಚೆ ತಾನು ತಲೆಯನ್ನ ಹಿಂದಕ್ಕೆ ಎಳೆದು ಕತ್ತು ಬಿಗಿ ಮಾಡ್ಕೊಳ್ತಿದ್ದದ್ದು ಕಾಣಿಸಿತು. ಅಲ್ಲಿಂದ ಅವರ ಪದ್ಧತಿ ಹುಟ್ಟಿತು. ನಮ್ಮ ಕಲಾಗ್ರಾಮದಲ್ಲಿ ರಾಷ್ಟ್ರೀಯ ನಾಟಕ ಶಾಲೆಯ ಬೆಂಗಳೂರು ಕೇಂದ್ರ ಇದೆಯಲ್ಲ, ಅಲ್ಲಿ ರಂಗಭೂಮಿ ಕಲಿಯೋರನ್ನ ಕೇಳಿ ನೋಡಿ. ನಟರಿಗೆ ಮೈಯೇ ವಾದ್ಯ. ಗಿಟಾರಿನವರಿಗೆ ಎರಡು ವಾದ್ಯ, ಒಂದು ಮರದ್ದು, ಇನ್ನೊಂದು ಮೈ.

ಇನ್ನೊಬ್ಬರು ಕೆನಡಾದ ಪಿಯಾನೊ ವಾದಕ ಗ್ಲೆನ್ ಗೌಲ್ಡ್. 1953ರಲ್ಲಿ ಅವರ ಅಪ್ಪ ಒಂದು ಮಡಚೋ ಕುರ್ಚಿಯ ಕಾಲು ಕತ್ತರಿಸಿ, ಸೀಟು ನೆಲದಿಂದ ಸುಮಾರು 14 ಇಂಚು ಎತ್ತರಕ್ಕೆ ಬರೋ ಹಾಗೆ ಮಾಡಿಕೊಟ್ಟರು. ಗೌಲ್ಡ್ ಅದನ್ನ ಹೋದಲ್ಲೆಲ್ಲ ಹೊತ್ಕೊಂಡು ಹೋದರು. ಮೆತ್ತೆ ಹರಿದು ಬರೀ ಚೌಕಟ್ಟು ಉಳಿದರೂ ಬಿಡಲಿಲ್ಲ. ಅಷ್ಟು ತಗ್ಗಿನಲ್ಲಿ ಕೂರಿ ಅಂತ ನಾನು ಯಾರಿಗೂ ಹೇಳಲ್ಲ. ಆದರೆ ತನ್ನ ಕುರ್ಚಿಯ ಎತ್ತರ ಆತನಿಗೆ ಇಂಚಿನ ಲೆಕ್ಕದಲ್ಲಿ ಗೊತ್ತಿತ್ತು. ನಮಗೆ ಗೊತ್ತಾ?

8/10 | ಬಿಳಿ ಪ್ಲಾಸ್ಟಿಕ್ ಕುರ್ಚಿಯ ಜಾತಕ

ಮದುವೆ ಛತ್ರ, ಗಣೇಶನ ಪೆಂಡಾಲು, ಟ್ಯೂಷನ್, ಕ್ಲಿನಿಕ್ಕು, ಗಿಟಾರ್ ಕ್ಲಾಸು, ಎಲ್ಲ ಕಡೆ ಒಂದೇ ಕುರ್ಚಿ. ಅದಕ್ಕೂ ಚರಿತ್ರೆ ಇದೆ.

ಇಡೀ ಕುರ್ಚಿಯನ್ನ ಒಂದೇ ಅಚ್ಚಿನಲ್ಲಿ ಎರಕ ಹೊಯ್ಯೋ ಯೋಚನೆ 1946ರಲ್ಲೇ ಕೆನಡಾದ ಡಿ. ಸಿ. ಸಿಂಪ್ಸನ್ ಅವರಿಗೆ ಬಂದಿತ್ತು. ಅಗ್ಗದ ಮಾಲಾಗಿ ಅದನ್ನ ಲೋಕಕ್ಕೆ ಹರಡಿದ್ದು 1972ರಲ್ಲಿ ಫ್ರಾನ್ಸಿನ ಆಂರಿ ಮಾಸೊನೆ ಮಾಡಿದ 'ಫೊತೈ 300'. ಬಿಸಿ ಪ್ಲಾಸ್ಟಿಕ್ ಅಚ್ಚಿಗೆ ಹೋದರೆ ಎರಡು ನಿಮಿಷದೊಳಗೆ ಕುರ್ಚಿ ಹೊರಗೆ. ಮೊಳೆ ಇಲ್ಲ, ತಿರುಪು ಇಲ್ಲ, ಬಡಗಿನೂ ಬೇಡ. ಬಡವರ ಮನೆಗೂ ಕುರ್ಚಿ ಬಂದದ್ದರಲ್ಲಿ ಇದರ ಪಾಲು ದೊಡ್ಡದು. ಎರಡನೇ ಭಾಗ ಓದಿದವರಿಗೆ ಅದೇನು ಸಣ್ಣ ಮಾತಲ್ಲ ಅಂತ ಗೊತ್ತಾಗುತ್ತೆ. ಹಾಗಾಗಿ ಇದನ್ನ ನಾನು ಬೈಯಲ್ಲ.

ಆದರೆ ಇದು ಹುಟ್ಟಿದ್ದು ಹಿತ್ತಲಲ್ಲಿ ಒರಗಿ ಕೂತು ಹರಟೆ ಹೊಡೆಯೋಕೆ, ಒಂದರ ಮೇಲೊಂದು ಪೇರಿಸಿಡೋಕೆ. ಅದಕ್ಕೇ ಸೀಟು ಹಿಂದಕ್ಕೆ ಇಳಿಜಾರು. ಕೂತರೆ ಸೊಂಟ ಹಿಂದಕ್ಕೆ ಜಾರುತ್ತೆ, ಬೆನ್ನು ಕಮಾನಾಗುತ್ತೆ. ಹರಟೆಗೆ ಅದೇ ಸುಖ. ಗಿಟಾರ್‌ಗೆ ಅದೇ ಕಷ್ಟ, ಫ್ರೆಟ್ ನೋಡೋಕೆ ಕತ್ತು ಮುಂದಕ್ಕೆ ಚಾಚಲೇಬೇಕು.

ಇನ್ನು ಆ ಎರಡು ಕೈಗಳು. ಗಿಟಾರಿನ ಡಬ್ಬಿ ಬಲಗಡೆಯ ಕೈಗೆ ಬಡಿಯುತ್ತೆ. ಅದನ್ನ ತಪ್ಪಿಸೋಕೆ ವಾದ್ಯವನ್ನ ಮೇಲೆತ್ತಿದರೆ ಬಲಭುಜ ಕಿವಿ ಹತ್ತಿರ ಬರುತ್ತೆ. ಎಡಮೊಣಕೈಗೂ ಓಡಾಡೋಕೆ ಜಾಗ ಇಲ್ಲ. ಕೊನೆಗೆ ಸೀಟಿನ ತುತ್ತತುದಿಗೆ ಬಂದು ಕೂರ್ತೀವಿ, ತೊಡೆಯ ಕೆಳಗೆ ಅಂಚು ಒತ್ತಿ ಕಾಲು ಜೋಮು.

ಮಂಚ, ಸೋಫಾ ಇನ್ನೂ ಕೆಟ್ಟದ್ದು. ಸೊಂಟ ಹೂತು ಮೊಣಕಾಲು ಮೇಲೇಳುತ್ತೆ. ಚಕ್ರದ ಆಫೀಸ್ ಕುರ್ಚಿಯಲ್ಲಿ ಕಾಲಲ್ಲಿ ತಾಳ ಹಾಕಿದರೆ ಕುರ್ಚಿಯೇ ಹೊರಟುಬಿಡುತ್ತೆ.

9/10 | ಅಳತೆ ಟೇಪು ತಗೊಳ್ಳಿ

ಇಷ್ಟು ಚರಿತ್ರೆಯಿಂದ ಸಿಕ್ಕ ಪಾಠವನ್ನ ಕುರ್ಚಿಗೆ ಹಾಕೋಣ. ಇದನ್ನ ಸೇವ್ ಮಾಡ್ಕೊಳ್ಳಿ.

ಎತ್ತರ: ನುಡಿಸುವಾಗ ಚಪ್ಪಲಿ, ಶೂ ಹಾಕ್ತೀರಾ, ಬರಿಗಾಲಾ, ಹಾಗೇ ನೆಟ್ಟಗೆ ಕೂತು, ಮಂಡಿ ಹಿಂದಿನ ಮಡಿಕೆಯಿಂದ ನೆಲದವರೆಗೆ ಅಳೆಯಿರಿ. ಸೀಟು ಅಷ್ಟೇ ಇರಬೇಕು, ಇಲ್ಲವೇ ಅರ್ಧ ಒಂದು ಇಂಚು ಹೆಚ್ಚು. ಪಾದ ಪೂರ್ತಿ ನೆಲಕ್ಕೆ ತಾಗಬೇಕು, ಸೊಂಟ ಮೊಣಕಾಲಿನ ಸಮಕ್ಕೆ ಅಥವಾ ಒಂಚೂರು ಮೇಲೆ ಇರಬೇಕು. ಅಂಗಡಿಯ ಊಟದ ಮೇಜಿನ ಕುರ್ಚಿ ಸಾಮಾನ್ಯವಾಗಿ 18 ಇಂಚು ಆಸುಪಾಸು. 5 ಅಡಿ ಎತ್ತರದವರಿಗೆ ಅದು ಜಾಸ್ತಿ, ಹಿಮ್ಮಡಿ ಗಾಳಿಯಲ್ಲಿರುತ್ತೆ. ನಮ್ಮ ಕ್ಲಾಸಿನ ಎಷ್ಟೋ ಹುಡುಗಿಯರಿಗೆ ಇದೇ ತೊಂದರೆ. ಮೈ ಚಿಕ್ಕದಾಗಿದ್ದು ತಪ್ಪಲ್ಲ, ಕುರ್ಚಿ ಇನ್ನೊಬ್ಬರ ಅಳತೆಯದ್ದು.

ಸೀಟು: ಸಪಾಟು, ಗಟ್ಟಿ. ತೆಳು ಮೆತ್ತೆ ಸಾಕು. ಹಿಂದಕ್ಕೆ ಇಳಿಜಾರು ಬೇಡ.

ಕೈ: ಇರಲೇಬಾರದು.

ಬೆನ್ನು: ನುಡಿಸುವಾಗ ಸೀಟಿನ ಮುಂದಿನ ಅರ್ಧದಲ್ಲಿ ಕೂರ್ತೀವಿ, ಒರಗಲ್ಲ. ಆದರೂ ಒರಗು ಇರೋ ಕುರ್ಚಿ ಒಳ್ಳೇದು, ಹಾಡು ಹಾಡಿನ ನಡುವೆ ಬೆನ್ನಿಗೆ ವಿಶ್ರಾಂತಿ. ಅದು ನೆಟ್ಟಗಿರಲಿ.

ಕಾಲು: ನಾಲ್ಕೂ ನೆಲಕ್ಕೆ ಕೂರಬೇಕು, ಕಿರ್‌ಕಿರ್ ಅನ್ನಬಾರದು. ರೆಕಾರ್ಡ್ ಮಾಡುವಾಗ ಮೊದಲು ಕೇಳಿಸೋದೇ ಆ ಸದ್ದು.

ಈಗ ಪರೀಕ್ಷೆ: ಗಿಟಾರ್ ಇಟ್ಕೊಂಡು ಎಡಗೈ ಪೂರ್ತಿ ಬಿಡಿ. ವಾದ್ಯ ತನ್ನಷ್ಟಕ್ಕೇ ನಿಂತರೆ ಪಾಸ್. ಕತ್ತಿನ ತುದಿ ಕೆಳಗೆ ಬಗ್ಗಿದರೆ ಕಾಲುಮಣೆ ಬೇಕು, ಅಥವಾ ಕೂತಾಗಲೂ ಬೆಲ್ಟ್ ಹಾಕ್ಕೊಳ್ಳಿ. ಸೊರ್ ಅವರ ಮೇಜು, ಅಗ್ವಾದೊ ಸ್ಟ್ಯಾಂಡ್, ಪಿಟೀಲಿನ ಪಾದ, ಎಲ್ಲವೂ ಈ ಒಂದೇ ಪರೀಕ್ಷೆಗೆ ಬರೆದ ಬೇರೆ ಬೇರೆ ಉತ್ತರಗಳು.

10/10 | ಕಾಸಿಲ್ಲದವರ ಕುರ್ಚಿ

'ಸರಿ ಕಣಪ್ಪ, ಗಿಟಾರ್‌ಗೇ ಕಾಸು ಕೂಡಿಸೋಕೆ ಆರು ತಿಂಗಳಾಯ್ತು, ಇನ್ನು ಕುರ್ಚಿ ಎಲ್ಲಿಂದ ತರಲಿ?' ನ್ಯಾಯವಾದ ಪ್ರಶ್ನೆ. ಸಾವಿರಗಟ್ಟಲೆ ಕೊಡೋದು ಬೇಡ.

ಹೋಟೆಲಿನಲ್ಲಿ ಇಡೋ ಕೈ ಇಲ್ಲದ ಪ್ಲಾಸ್ಟಿಕ್ ಸ್ಟೂಲು, ಎತ್ತರ ಸರಿ ಇದ್ದರೆ, ಕೈ ಇರೋ ದೊಡ್ಡ ಕುರ್ಚಿಗಿಂತ ಎಷ್ಟೋ ಮೇಲು. ಮನೆಯಲ್ಲಿ ಹಳೇ ಮರದ ಕುರ್ಚಿ ಇದ್ದು ಎತ್ತರ ಜಾಸ್ತಿ ಅನಿಸಿದರೆ, ಬಡಗಿ ಹತ್ತಿರ ನಾಲ್ಕೂ ಕಾಲು ಸಮವಾಗಿ ಕೊಯ್ಯಿಸಿ. ಮನೆಯವರನ್ನ ಕೇಳಿ ಆಮೇಲೆ! ಪ್ಲಾಸ್ಟಿಕ್ ಕುರ್ಚಿ ಬಿಟ್ಟರೆ ಗತಿ ಇಲ್ಲ ಅಂದ್ರೆ, ಬೆಡ್‌ಶೀಟ್ ಮಡಚಿ ಸೀಟಿನ ಹಿಂಭಾಗಕ್ಕೆ ಹಾಕಿ ಇಳಿಜಾರು ಮುಚ್ಚಿ. ಮಂಚದ ಮೇಲೋ ನೆಲದ ಮೇಲೋ ಚಕ್ಕಳಮಕ್ಕಳ ಹಾಕೋರು ಸೊಂಟದ ಕೆಳಗೆ ಗಟ್ಟಿ ದಿಂಬು ಹಾಕಿ, ಮೊಣಕಾಲಿಗಿಂತ ಸೊಂಟ ಮೇಲೆ ಬರಲಿ.

ಕಾಲುಮಣೆಗೆ ಅಂಗಡಿಗೆ ಹೋಗಬೇಡಿ. ಅದು ಬೇಕಾಗೋದು ಸಾಮಾನ್ಯವಾಗಿ 4ರಿಂದ 8 ಇಂಚು. ಅಜ್ಜಿ ಮನೆಯ ಊಟದ ಮಣೆ ಎರಡು ಪೇರಿಸಿ, ಅಥವಾ ಮೊದಲ ವರ್ಷದ ದಪ್ಪ ಪುಸ್ತಕಗಳನ್ನ ದಾರದಿಂದ ಕಟ್ಟಿ. ಪುಸ್ತಕಕ್ಕೆ ಕಾಲು ತಾಗಿಸಬಾರದು ಅನ್ನೋರ ಮನೆಯಲ್ಲಿ ಇಟ್ಟಿಗೆಗೆ ಬಟ್ಟೆ ಸುತ್ತಿದರಾಯ್ತು. ಬಹಳ ಹೊತ್ತು ಒಂದೇ ಕಾಲು ಎತ್ತಿಟ್ಟರೆ ಸೊಂಟ ತಿರುಚುತ್ತೆ, ಆಗಾಗ ಇಳಿಸಿ. ಮೊಬೈಲನ್ನ ನೆಲದ ಮೇಲಿಟ್ಟು ಕಾರ್ಡ್ ನೋಡಬೇಡಿ, ಕಣ್ಣಿನ ಮಟ್ಟಕ್ಕೆ ಏರಿಸಿ. ಅರ್ಧ ಗಂಟೆಗೊಮ್ಮೆ ಎದ್ದು ನೀರು ಕುಡಿದು ಬನ್ನಿ.

ಬೆರಳ ತುದಿ ಉರಿ ಬೇರೆ, ಅದು ಗಟ್ಟಿಯಾಗುತ್ತೆ. ಆದರೆ ಕೈ ಜುಮುಗುಟ್ಟಿದರೆ, ಮರಗಟ್ಟಿದರೆ, ಮಣಿಕಟ್ಟು ಅಥವಾ ಬೆನ್ನಿನ ನೋವು ಮಾರನೆಯ ದಿನಕ್ಕೂ ಉಳಿದರೆ, ಗಿಟಾರ್ ಕೆಳಗಿಟ್ಟು ಡಾಕ್ಟರಿಗೆ ತೋರಿಸಿ. ನೋವು ತಿಂದರೇನೇ ಸಾಧನೆ ಅನ್ನೋರ ಮಾತು ಕಿವಿಗೆ ಹಾಕ್ಕೋಬೇಡಿ. ಬಾಲಸ್ವಾಮಿ ದೀಕ್ಷಿತರಿಂದ ತಾರೆಗಾ ತನಕ ಯಾರೂ ನೋವನ್ನ ನುಂಗಿ ಸುಮ್ಮನೆ ಕೂರಲಿಲ್ಲ, ಕೂರೋ ರೀತಿಯನ್ನೇ ಬದಲಾಯಿಸಿದರು.

ಬೀರು ಮೇಲೆ ಗಿಟಾರ್ ಎತ್ತಿಟ್ಟ ಗೆಳೆಯ, ಗೆಳತಿ ಇದ್ದರೆ ಈ ಸರಣಿ ಕಳಿಸಿ. ನಿಮ್ಮ ಮಂಡಿಯಿಂದ ನೆಲಕ್ಕೆ ಎಷ್ಟು ಇಂಚು, ನಿಮ್ಮ ಸೀಟು ಎಷ್ಟು ಇಂಚು, ಕಾಮೆಂಟಲ್ಲಿ ಎರಡೂ ಬರೀರಿ. ವ್ಯತ್ಯಾಸಕ್ಕೆ ಏನು ಹಾಕಬಹುದು ಅಂತ ಸೇರಿ ನೋಡೋಣ.

#ಮಲ್ಲತ್ತಹಳ್ಳಿ #ಗಿಟಾರ್ #ಕೂರೋ_ಚರಿತ್ರೆ #ಮಣೆ #ಕನ್ನಡದಲ್ಲಿ_ಇತಿಹಾಸ